ಎಕ್ಸ್ ಏಳು

ನಲವತ್ತೆಂಟು ಪಿನ್ನಿನ ಕನೆಕ್ಟರು.
ಅಂಗೈಗಿಂತ ಕೊಂಚ ಉದ್ದ, ಬೂದು ಬಣ್ಣದ ಮೈ,
ಎರಡು ಕೊಂಡಿ, ಅದುಮಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತವೆ.
ಕೈಯಲ್ಲಿ ಹಿಡಿದರೆ ಒಂದೇ.
ಪರದೆಯ ಮೇಲೆ ಮಾತ್ರ ಅದಕ್ಕೆ ಜಾಗ ಸಾಲದು.

ಮೊದಲು ಒಂದೇ ಹಾಳೆಯಲ್ಲಿ ಬರೆದು ನೋಡಿದ್ದೆ.
ಮೋಟಾರಿಗೆ ಹೋಗುವ ಗೆರೆ, ಸೆನ್ಸರಿಗೆ ಹೋಗುವ ಗೆರೆ,
ಎಲ್ಲಿಗೋ ಹೋಗಿ ಮತ್ತೆ ಇಲ್ಲಿಗೇ ಬರುವ ಗೆರೆ
ಒಂದರ ಮೇಲೊಂದು ಹತ್ತಿ,
ಶನಿವಾರ ಸಂಜೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ
ಅರಕಲಗೂಡಿನ ಬಸ್ಸಿಗೆ ಮುಗಿಬಿದ್ದ ಜನದ ಹಾಗೆ.
ಲೋಬೊ ಸಾರ್ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.
"ಇದನ್ನ ಓದೋರು ಯಾರಮ್ಮ?"
ಬೈಗುಳವಲ್ಲ, ನಿಜವಾದ ಪ್ರಶ್ನೆ.

ಹಾಗಾಗಿ ಒಡೆದೆ.
ಒಂದರಿಂದ ಹನ್ನೆರಡು ಮೂರನೇ ಹಾಳೆಗೆ,
ಹಲ್ಲರಿನ ಮೋಟಾರುಗಳ ಜೊತೆ.
ಹದಿಮೂರರಿಂದ ಮೂವತ್ತು ಆರನೆಯದಕ್ಕೆ,
ಕಾಫಿ ಬೀಜ ಬರುತ್ತಿದೆಯೋ ಇಲ್ಲವೋ ಎಂದು
ಎಲಿವೇಟರಿನ ಬಾಯಲ್ಲಿ ಕೂತು ಕಾಯುವ ಕಣ್ಣುಗಳ ಜೊತೆ.
ಮೂವತ್ತೊಂದರಿಂದ ನಲವತ್ತು ಒಂಬತ್ತಕ್ಕೆ.
ಅಲ್ಲಿ ಕೆಂಪು ಅಣಬೆ ಗುಂಡಿಗಳಿವೆ,
ಒಂದನ್ನು ಗುದ್ದಿದರೂ ಎಲ್ಲ ನಿಲ್ಲಬೇಕು.
ಮೂರು ಹಾಳೆಯಲ್ಲೂ ತುಂಡಿನ ತಲೆಯ ಮೇಲೆ
ಅದೇ ಹೆಸರು, ಎಕ್ಸ್ ಏಳು.

ಗೆರೆಗಳ ನಡುವೆ ಗಾಳಿ ಆಡಿತು.
ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ
ಒಂದು ಮಸಾಲೆ ವಡೆ ಹೆಚ್ಚಿಗೆ ತಿಂದೆ.

ಹನ್ನೊಂದು ದಿನ ಬಿಟ್ಟು
ಸ್ಟೋರಿನ ಚೆಲುವಯ್ಯನವರು ರಟ್ಟಿನ ಪೆಟ್ಟಿಗೆ ತಂದು
ನನ್ನ ಕೀಬೋರ್ಡಿನ ಮೇಲೇ ಇಟ್ಟರು.
ಒಳಗೆ ಮೂರು ಕನೆಕ್ಟರು.
"ಎಕ್ಸ್ ಏಳು. ಎಕ್ಸ್ ಏಳು. ಎಕ್ಸ್ ಏಳು."
ಪಟ್ಟಿಯ ಮೇಲೆ ಬೆರಳಿಟ್ಟು ಓದಿದರು.
"ಮೂರು ಸಲ ಬರೆದಿದ್ದೀಯ, ಮೂರು ತರಿಸಿದೆ.
ಒಂದೊಂದಕ್ಕೆ ಆರು ಸಾವಿರದ ಎಂಟುನೂರು.
ವಾಪಸು ತಗೊಳಲ್ವಂತೆ."

ಅವರದೇನು ತಪ್ಪು?
ಮೂರು ತುಂಡೂ ಒಂದೇ ಸಾಮಾನು ಎಂಬ ಚೌಕದಲ್ಲಿ
ಗುರುತು ಹಾಕುವುದನ್ನೇ ನಾನು ಮರೆತಿದ್ದೆ.
ಹೆಸರು ಒಂದಾದರೆ ಸಾಲದು ಆ ಸಾಫ್ಟ್‌ವೇರಿಗೆ.
ನಮ್ಮೂರಲ್ಲೂ ಅಷ್ಟೆ,
ಕೆಂಪಮ್ಮ ಅಂತ ಕೂಗಿದರೆ ಐದು ಬಾಗಿಲು ತೆರೆಯುತ್ತವೆ.

ವೈರಿಂಗಿನ ಜಬಿವುಲ್ಲಾ ಪಟ್ಟಿ ನೋಡುವವನಲ್ಲ.
ಹಾಳೆಗಳನ್ನು ಶೆಡ್ಡಿನ ನೆಲದ ಮೇಲೆ ಹರಡಿ
ಮೂಲೆಗೊಂದು ಸ್ಪ್ಯಾನರು ಹೇರಿ
ಮಂಡಿಯೂರಿ ಓದುತ್ತಾನೆ.
ಮೂರರಿಂದ ಆರಕ್ಕೆ, ಆರರಿಂದ ಒಂಬತ್ತಕ್ಕೆ
ಕತ್ತು ಓಡಾಡುತ್ತದೆ.
ಎಡಗೈ ಮಾತ್ರ ಕನೆಕ್ಟರು ಬಿಟ್ಟು ಕದಲುವುದಿಲ್ಲ.
ತುಟಿಯಲ್ಲೇ ಸಂಖ್ಯೆ ಹೇಳಿಕೊಂಡು
ಒಂದೊಂದೇ ತಂತಿ ಚುಚ್ಚಿ, ಒಂದು ಸಲ ಜಗ್ಗಿ ನೋಡಿ,
ಮುಂದಿನದಕ್ಕೆ.
ಮೂರು ದಿನ ಕೂತು ನಾನು ಒಡೆದದ್ದನ್ನು
ಊಟದ ಹೊತ್ತಿಗೆ ಅವನು ಕೂಡಿಸಿಬಿಟ್ಟ.

ಆಮೇಲೆ ಕರೆದ.
"ಮೇಡಂ, ನಲವತ್ತೊಂದರಿಂದ ನಲವತ್ತೆಂಟು
ಯಾವ ಹಾಳೇಲಿದೆ?"

ಯಾವುದರಲ್ಲೂ ಇಲ್ಲ.
ಎಂಟು ಪಿನ್ನು, ಕೆಲಸವಿಲ್ಲದವು,
ಅದಕ್ಕೇ ಬರೆದಿರಲಿಲ್ಲ.

"ಇಲ್ಲ ಅಂತಾನೂ ಎಲ್ಲಾದ್ರೂ ಬರೀಬೇಕಲ್ವಾ?
ಇಲ್ದಿದ್ರೆ ನಾನು ಮರೆತೆ ಅಂತಾಗುತ್ತೆ."
ತಲೆ ಎತ್ತದೆ ಹೇಳಿದ.

ವಾಪಸು ಬಂದು ಹತ್ತನೇ ಹಾಳೆ ತೆರೆದೆ.
ಎಡಬದಿಗೆ ಎಂಟು ಪುಟ್ಟ ವೃತ್ತ,
ಗೆರೆಯಿಲ್ಲ, ಬಾಣವಿಲ್ಲ, ಎದುರಿಗೆ ಖಾಲಿ ಎಂದು ಎಂಟು ಸಲ.
ಈ ಸಲ ಚೌಕದಲ್ಲಿ ಗುರುತು ಹಾಕಿದೆ.
ಇಡೀ ಕಟ್ಟಿನಲ್ಲಿ ಲೋಬೊ ಸಾರ್
ಏನೂ ತಿದ್ದದೆ ಸಹಿ ಹಾಕಿದ್ದು ಅದೊಂದಕ್ಕೇ.

ಪ್ಯಾನಲ್ಲು ಟೆಂಪೋ ಹತ್ತಿ
ಬಿ.ಎಂ. ರಸ್ತೆಯ ಕ್ಯೂರಿಂಗ್ ವರ್ಕ್ಸಿಗೆ ಹೋಯಿತು.
ಟಕ್ಕೆಂದಿತಂತೆ, ಹಲ್ಲರು ತಿರುಗಿತಂತೆ.

ಉಳಿದ ಎರಡು ಸ್ಟೋರಿನ ರಿಜಿಸ್ಟರಿನಲ್ಲಿವೆ.
ನಿಜವಾಗಿ ಅಲ್ಲಿರುವುದು ಒಂದೇ.
ಇನ್ನೊಂದು ನನ್ನ ಮೇಜಿನ ಮೇಲೆ,
ಫ್ಯಾನಿನ ಗಾಳಿಗೆ ಹಾಳೆಗಳು ಹಾರದಂತೆ ಕೂತಿದೆ.
ಆಡಿಟ್‌ನವರು ಬರುವ ಬೆಳಿಗ್ಗೆ
ಚೆಲುವಯ್ಯನವರು ಬಂದು ಮಾತಿಲ್ಲದೆ ಎತ್ತಿಕೊಂಡು ಹೋಗುತ್ತಾರೆ,
ಸಂಜೆ ತಂದಿಡುತ್ತಾರೆ,
ಅದೇ ಜಾಗದಲ್ಲಿ, ಕೊಂಡಿ ನನ್ನ ಕಡೆಗೆ.